ಸೋಮವಾರದ ಸಂತೆ, ಸೋಮವಾರದ ಜರ್ನಲ್

ಸೋಮವಾರಪೇಟೆಯಲ್ಲಿ ಸೋಮವಾರ ಸಂತೆ. ಅದೇ ದಿನ ಟ್ರೇಡ್ ಮಾರ್ಕ್ಸ್ ಜರ್ನಲ್ ಕೂಡ ಬರುತ್ತದೆ, ಅಂದರೆ ಬ್ರ್ಯಾಂಡ್ ಹೆಸರುಗಳಿಗೆ ಹಾಕಿದ ಅರ್ಜಿಗಳನ್ನು ಪ್ರಕಟಿಸುವ ಸರ್ಕಾರಿ ಪತ್ರಿಕೆ. ಮೊದಲನೆಯದು ಹುಟ್ಟಿದಾಗಿನಿಂದ ಗೊತ್ತು, ಎರಡನೆಯದು ನಾಲ್ಕು ವರ್ಷದಿಂದ ನನ್ನ ಹೊಟ್ಟೆಪಾಡು.

ಬೆಂಗಳೂರಿನ ಒಂದು ಐಪಿ (ಬೌದ್ಧಿಕ ಆಸ್ತಿ) ಲಾ ಫರ್ಮಿನಲ್ಲಿ ನಾನು ಅಸೋಸಿಯೇಟ್. "ಲಾಯರ್ ಅಂದ್ರೆ ಕೋರ್ಟಿಗೆ ಹೋಗಲ್ವಾ ಪುಟ್ಟಿ?" ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಹೋಗುತ್ತೇನೆ, ಆದರೆ ಜಾಸ್ತಿ ಹೊತ್ತು ಕಳೆಯುವುದು ಸ್ಕ್ರೀನ್ ಮುಂದೆ. ಯಾರ್ಯಾರು ಯಾವ್ಯಾವ ಹೆಸರು ಕೇಳಿದ್ದಾರೆ ಅಂತ ಜರ್ನಲ್‌ನಲ್ಲಿ ಸಾವಿರಗಟ್ಟಲೆ ಅಚ್ಚಾಗಿರುತ್ತದೆ. ನಮ್ಮ ಕ್ಲೈಂಟಿನ ಹೆಸರನ್ನು ಹೋಲುವಂಥದ್ದು ಕಂಡರೆ ಗುರುತು ಹಾಕಬೇಕು. ನಾಲ್ಕು ತಿಂಗಳೊಳಗೆ ತಕರಾರು ಸಲ್ಲಿಸಬೇಕು. ತಡವಾದರೆ ಆ ಬಾಗಿಲು ಮುಚ್ಚಿತು. ಆರು ನಿಮಿಷಕ್ಕೆ ಒಂದು ಲೆಕ್ಕದಂತೆ ಟೈಮ್‌ಶೀಟ್ ತುಂಬಬೇಕು. ಯಾರಿಗಾಗಿ ಕೆಲಸ ಮಾಡಿದೆ ಅಂತ ಪ್ರತಿ ಸಾಲಿನಲ್ಲೂ ಕ್ಲೈಂಟ್ ಹೆಸರು ಬರೆಯಬೇಕು.

ಕಾಫಿ ಕೊಯ್ಲಿನ ಸಮಯದಲ್ಲಿ ಎರಡು ವಾರ ಮನೆಯಿಂದಲೇ ಕೆಲಸ ಮಾಡಲು ಕೇಳಿಕೊಂಡು ಬರುತ್ತೇನೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಹಾಗಾಗಿ ಒಂದು ಕಡೆ ಕಾಫಿ ಒಣಗುತ್ತಿರುತ್ತದೆ, ಇನ್ನೊಂದು ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನೂ ಒಣಗುತ್ತಿರುತ್ತೇನೆ. ಈ ವರ್ಷ ಹಾಗೆ ಕೂತಿದ್ದಾಗ ಚಿಕ್ಕಪ್ಪ ಬಂದರು. ಕೈಯಲ್ಲಿ ಮಡಚಿದ ಒಂದು ಪ್ರಿಂಟ್.

ಚಿಕ್ಕಪ್ಪ ನಮ್ಮದೇ ಅರೇಬಿಕಾ ಕಾಫಿ ಹುರಿದು, ಪುಡಿ ಮಾಡಿ ಮಾರಬೇಕು ಅಂತ ಎರಡು ವರ್ಷದಿಂದ ಹೇಳುತ್ತಿದ್ದರು. "ಹೆಸರು ರಿಜಿಸ್ಟರ್ ಮಾಡಿಸಿ ಕೊಡು" ಅಂದಿದ್ದರು. "ಮಾಡೋಣ ಚಿಕ್ಕಪ್ಪ" ಅಂದಿದ್ದೆ. ಮಾಡಲಿಲ್ಲ. ಟೈಮ್‌ಶೀಟ್‌ನಲ್ಲಿ ಚಿಕ್ಕಪ್ಪನಿಗೆ ಜಾಗ ಇರಲಿಲ್ಲ ಅಂತ ಈಗ ತಮಾಷೆ ಮಾಡಬಹುದು, ಆದರೆ ನಿಜ ಹೇಳಬೇಕೆಂದರೆ ಮರೆತಿದ್ದೆ. ಅವರು ಕಾದು ಕಾದು ಪೇಟೆಯಲ್ಲಿ ಒಂದು ಸೈಬರ್ ಅಂಗಡಿಗೆ ಹೋಗಿ, 4,500 ರೂಪಾಯಿ ಫೀಸ್ ಕಟ್ಟಿ, 30ನೇ ಕ್ಲಾಸಿನಲ್ಲಿ (ಕಾಫಿ ಸೇರುವ ಸರಕಿನ ವರ್ಗ) ತಾವೇ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಸಿದ್ದಾರೆ. ಹೆಸರಿನಲ್ಲಿ ಇದ್ದದ್ದು ಮೂರೇ ಪದ: ಕೂರ್ಗ್, ಕಾಫಿ, ನಡುವೆ ಒಂದು 'ಒರಿಜಿನಲ್'. ಕೊಟ್ಟ ಇಮೇಲ್ ಮಗನದು. ಅವನು ಅದನ್ನು ತೆರೆದು ನೋಡುವುದು ವರ್ಷಕ್ಕೆ ಎರಡು ಸಲ. ಅರ್ಜಿ ಪರಿಶೀಲಿಸಿ ಟ್ರೇಡ್‌ಮಾರ್ಕ್ ಕಚೇರಿ ಕಳಿಸುವ ಪರೀಕ್ಷಾ ವರದಿ ಬಂದು ತಿಂಗಳು ದಾಟಿತ್ತು. ಉತ್ತರ ಕೊಡಲು ಇರುವುದೇ ಒಂದು ತಿಂಗಳು.

ಚಿಕ್ಕಪ್ಪನ ಕೈಯಲ್ಲಿದ್ದ ಪ್ರಿಂಟ್ ಅದೇ ವರದಿ. ಅದರಲ್ಲಿ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಸೆಕ್ಷನ್ 9(1)(ಬಿ) ಆಕ್ಷೇಪ. ಸರಕು ಎಲ್ಲಿಯದು, ಎಂಥದ್ದು ಅಂತ ಮಾತ್ರ ಹೇಳುವ ಪದವನ್ನು ಒಬ್ಬರಿಗೇ ಬರೆದುಕೊಡಲು ಆಗುವುದಿಲ್ಲ ಅಂತ ಅದರ ಅರ್ಥ. ಚಿಕ್ಕಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಮೂರು ತಲೆಮಾರಿಂದ ಇಲ್ಲೇ ಇದೀವಿ. ನಮ್ಮೂರ ಹೆಸರು ನಮಗೇ ಕೊಡಲ್ಲ ಅಂದ್ರೆ ಇನ್ಯಾರಿಗೆ ಕೊಡ್ತಾರಂತೆ?"

ನಾನು ಹೇಳಿದ್ದು: ನಿಮಗೆ ಕೊಟ್ಟರೆ ಪಕ್ಕದ ತೋಟದವರು ಏನು ಬರೆದುಕೊಳ್ಳಬೇಕು ಚಿಕ್ಕಪ್ಪ? ಅವರು ಸುಮ್ಮನಾದರು. ಒಪ್ಪಿ ಸುಮ್ಮನಾದರು ಅಂತೇನಿಲ್ಲ. ಪಕ್ಕದ ತೋಟದವರ ಜೊತೆ ಬೇಲಿ ಜಗಳ ಇದೆ.

ಊರ ಹೆಸರಿಗೆ ಕಾನೂನಿನಲ್ಲಿ ಬೇರೆಯೇ ದಾರಿ ಇದೆ. ಅದು ಜಿಐ, ಭೌಗೋಳಿಕ ಸೂಚಕ: ಒಂದು ಊರಿನ ಸರಕಿಗೆ ಆ ಊರಿನ ಹೆಸರಿನಲ್ಲೇ ಸಿಗುವ ಗುರುತು, ಒಬ್ಬರ ಸೊತ್ತಲ್ಲ. 1999ರ ಕಾಯ್ದೆ, ಜಾರಿಗೆ ಬಂದದ್ದು 2003ರಲ್ಲಿ. ಇದನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, ಬರೆದುಕೊಡುವಂತಿಲ್ಲ. ಕೂರ್ಗ್ ಕಿತ್ತಳೆಗೆ ಬಹಳ ಹಿಂದೆಯೇ ಸಿಕ್ಕಿತು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಸಿಕ್ಕಿತು, ಅರ್ಜಿ ಹಾಕಿದ್ದು ಕಾಫಿ ಬೋರ್ಡ್. (ಕೊಡಗಿನಲ್ಲಿ ಜಾಸ್ತಿ ಬೆಳೆಯುವುದು ರೊಬಸ್ಟಾ, ಜಿಐ ಟ್ಯಾಗ್ ಸಿಕ್ಕಿದ್ದು ಅರೇಬಿಕಾಕ್ಕೆ. ದಕ್ಷಿಣ ಕೊಡಗಿನ ನೆಂಟರ ಎದುರು ಈ ಮಾತು ತೆಗೆಯಬೇಡಿ.)

ಇಲ್ಲೇ ನನ್ನ ತಕರಾರು. ಟ್ಯಾಗ್ ಬಂದ ದಿನ ನಾವೆಲ್ಲ ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡೆವು. ಕೆಲಸ ಆಯಿತು ಅಂದುಕೊಂಡೆವು. ಆದರೆ ನೋಂದಣಿ ಅನ್ನುವುದು ಗೇಟ್ ಇಟ್ಟ ಹಾಗೆ, ಬೇಲಿ ಇನ್ನೂ ಹಾಕಬೇಕು. ಬೆಳೆಗಾರರು ಒಬ್ಬೊಬ್ಬರಾಗಿ ಅಧಿಕೃತ ಬಳಕೆದಾರರು ಅಂತ ಹೆಸರು ಬರೆಸಬೇಕು. ಆಮೇಲೇ ಆ ಜಿಐಯನ್ನು ತಮ್ಮ ಪ್ಯಾಕೆಟ್ ಮೇಲೆ ಹಕ್ಕಿನಿಂದ ಹಾಕಿಕೊಳ್ಳಬಹುದು, ಬೇರೆಯವರು ಸುಳ್ಳು ಹಾಕಿದರೆ ಕೇಳಲೂ ಬಹುದು. ಇದರ ಅರ್ಜಿ ಫೀಸ್ ಮೊದಲು 500 ರೂಪಾಯಿ ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಹತ್ತು ರೂಪಾಯಿ! ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಇದಕ್ಕಿಂತ ಜಾಸ್ತಿ ಕೇಳುತ್ತಾರೆ. ಆದರೂ ನಮ್ಮ ಸುತ್ತಮುತ್ತ ಕೇಳಿದರೆ "ಹಾಗೊಂದು ಇದ್ಯಾ?" ಅನ್ನುವವರೇ.

ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಕಿತ್ತಳೆಯನ್ನು ನೋಡಿ. ಕಾಫಿ ತೋಟದ ಮಧ್ಯೆ ಕಿತ್ತಳೆ ಮರಗಳಿದ್ದ ಕಾಲವನ್ನು ಅಜ್ಜಿ ಹೇಳುತ್ತಿದ್ದರು. ರೋಗ ಬಂದು ಹೆಚ್ಚಿನವು ಹೋದವು. ಹೋದ ವರ್ಷ ಹೆದ್ದಾರಿ ಪಕ್ಕ ಒಬ್ಬರು 'ಕೂರ್ಗ್ ಆರೆಂಜ್' ಅಂತ ರಟ್ಟಿಗೆ ಬರೆದು ಹಣ್ಣು ಮಾರುತ್ತಿದ್ದರು. ಹಿಂದಿದ್ದ ಪೆಟ್ಟಿಗೆಯ ಮೇಲೆ ನಾಗಪುರ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಹಣ್ಣಿನ ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ, ಬಣ್ಣದಲ್ಲಿ ಸ್ವಲ್ಪ ಹಸಿರು ಉಳಿದಿರುತ್ತದೆ. ಇದು ಉಗುರು ತಾಗಿದರೆ ಸಾಕು, ಸಡಿಲವಾಗಿ ಬಿಚ್ಚಿಕೊಂಡಿತು. ನಾಗಪುರ ಕಿತ್ತಳೆಗೂ ಜಿಐ ಇದೆ. ಅಂದರೆ ಒಂದೇ ಬುಟ್ಟಿಯಲ್ಲಿ ಎರಡು ಊರಿನ ಹೆಸರಿಗೆ ಮೋಸ. ಆ ಮನುಷ್ಯನನ್ನು ಬೈಯಲು ಮನಸ್ಸು ಬರಲಿಲ್ಲ. ಹಣ್ಣು ಚೆನ್ನಾಗಿಯೇ ಇತ್ತು, ಅರ್ಧ ಡಜನ್ ತಿಂದೆ.

ಮತ್ತೆ ಚಿಕ್ಕಪ್ಪನ ವಿಷಯ. ಈಗ ಹೊಸ ಹೆಸರು ಹುಡುಕಿದ್ದೇವೆ, ನಮ್ಮ ಸತ್ತ ನಾಯಿಯದು. ಅದು ಯಾವ ಊರನ್ನೂ ಹೇಳುವುದಿಲ್ಲ, ಕಾಫಿಯನ್ನೂ ಹೇಳುವುದಿಲ್ಲ, ಹಾಗಾಗಿ ಟ್ರೇಡ್‌ಮಾರ್ಕಿಗೆ ಒಳ್ಳೆಯದು. ಕೆಳಗೆ 'ಕೂರ್ಗ್ ಅರೇಬಿಕಾ' ಅಂತ ಜಿಐ ಜೊತೆ ಹಾಕುವ ಆಸೆ. ಆ ಅರ್ಜಿಗೆ ಬೆಳೆಗಾರ ಅಂತ ತೋರಿಸಲು ಪಹಣಿ ತೆಗೆಸಿದರೆ ಅದು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ಹೋಗಿ ಹತ್ತೊಂಬತ್ತು ವರ್ಷ. ಕೊಡಗಿನಲ್ಲಿ ಇದು ಯಾರಿಗೂ ಹೊಸ ಕಥೆ ಅಲ್ಲ, ಅಲ್ವಾ? ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ದುಬೈನಲ್ಲಿರುವ ದೊಡ್ಡಪ್ಪನ ಮಗನ ಸಹಿ ಬೇಕು.

ತೋಟ ಇರುವವರು ಇನ್‌ಬಾಕ್ಸಿಗೆ ಬನ್ನಿ, ಅರ್ಜಿ ತುಂಬಿ ಕೊಡುತ್ತೇನೆ ಅಂತ ಬರೆಯಬೇಕು ಅನ್ನಿಸುತ್ತದೆ. ಆದರೆ ವಕೀಲರು ಹಾಗೆ ಕೆಲಸ ಕೇಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಆದ್ದರಿಂದ ಪಹಣಿ ಒಮ್ಮೆ ತೆಗೆದು ನೋಡಿ ಅಂತಷ್ಟೇ ಹೇಳುತ್ತೇನೆ.

ಕಳೆದ ಸೋಮವಾರ ಕ್ಲೈಂಟ್ ಕೆಲಸ ಮುಗಿಸಿ, ಜರ್ನಲ್‌ನ 30ನೇ ಕ್ಲಾಸಿನಲ್ಲಿ ಸುಮ್ನೆ 'ಕೂರ್ಗ್' ಅಂತ ಹುಡುಕುತ್ತಾ ಕೂತೆ. ನಲವತ್ತೆರಡು ನಿಮಿಷ ಹಿಡಿಯಿತು. ಟೈಮ್‌ಶೀಟ್ ತೆರೆದು 0.7 ಗಂಟೆ ಅಂತ ಬರೆದೆ. ಕ್ಲೈಂಟ್ ಹೆಸರು ಹಾಕದೆ ಅದು ಸೇವ್ ಆಗುವುದಿಲ್ಲ. ಅಳಿಸಿದೆ.