ಮೀ ಟೈಮ್ ಅಂತೆ, ಮೀ ಟೈಮ್!

ಇವತ್ತು ಸಾಯಂಕಾಲ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಡ್ತಿದ್ದೆ, ನಮ್ಮ ಹೊಸ ಮ್ಯಾನೇಜರ್ ಎದುರಿಗೆ ಸಿಕ್ಕಿ ನಗ್ತಾ ನಗ್ತಾ, "ನೀವು ಲಕ್ಕಿ ರೀ, ಆಫೀಸಿಗೆ ಹೋಗಿ ಬರೋ ದಾರೀಲಿ ದಿನಾ ಮೂರೂವರೆ ಗಂಟೆ ಮೀ ಟೈಮ್ ಸಿಗುತ್ತೆ, ನಿಮಗೇ ಅಂತ ಸಮಯ, ಪಾಡ್‌ಕಾಸ್ಟ್ ಕೇಳಬಹುದು, ಪುಸ್ತಕ ಓದಬಹುದು, ನನ್ನ ಮನೆ ನೋಡಿ ಇಲ್ಲೇ ಪಕ್ಕದಲ್ಲಿ, ಏನೂ ಓದೋಕಾಗಲ್ಲ" ಅಂದ್ರು. ನಾನೂ ಹ್ಹೆ ಹ್ಹೆ ಅಂದೆ. ಹೊಸ ಕೆಲಸ ಅಲ್ವಾ, ಮೊದಲ ಆರು ತಿಂಗಳು ಹ್ಹೆ ಹ್ಹೆ ಅನ್ನೋದೂ ಕೆಲಸದ ಪಟ್ಟಿಯಲ್ಲೇ ಬರುತ್ತೆ. ಸಿಟ್ಟು ಬಂದಿದ್ದು ಬಸ್ ಹತ್ತಿದ ಮೇಲೆ, ಒಂದು ಕೈಲಿ ಮೇಲಿನ ಕಂಬಿ ಹಿಡ್ಕೊಂಡು ಇನ್ನೊಂದು ಕೈಲಿ ಬ್ಯಾಗ್ ಅವುಚಿಕೊಂಡು ನಿಂತಿದ್ದಾಗ. ಮೂಗು ತುರಿಸ್ತಿತ್ತು. ಕೆರ್ಕೊಳ್ಳೋಕೆ ಕೈ ಇಲ್ಲ. ಮೀ ಟೈಮ್ ಅಂತೆ!

ನಿಮಗೆಲ್ಲ ಗೊತ್ತು, ಹಳೇ ಕೆಲಸ ಹೋದ ಮೇಲೆ ಏಳು ತಿಂಗಳು ನಾನು ಮನೇಲಿ ಹೇಗಿದ್ದೆ, ಎಷ್ಟು ಜನರ ತಲೆ ತಿಂದೆ ಅಂತ. ಹಾಗಾಗಿ ಈ ಕೆಲಸದ ಬಗ್ಗೆ ಒಂದು ಕೆಟ್ಟ ಮಾತೂ ಆಡಲ್ಲ. ಕೆಲಸ ಚೆನ್ನಾಗಿದೆ, ಟೀಮಲ್ಲಿರೋ ಚಿಕ್ಕ ಹುಡುಗರು ಬಂದು ಡೌಟ್ ಕೇಳ್ತಾರೆ, ಪರವಾಗಿಲ್ಲ ನನಗಿನ್ನೂ ಏನೋ ಬರುತ್ತೆ ಅಂತ ಒಳಗೊಳಗೇ ಖುಷಿ ಆಗುತ್ತೆ. ಮ್ಯಾನೇಜರೂ ಕೆಟ್ಟವರಲ್ಲ. ತಕರಾರು ಇರೋದು ನಮ್ಮನೆ ಬಾಗಿಲಿಂದ ಆ ಆಫೀಸಿನ ಬಾಗಿಲವರೆಗಿನ ಒಂದೂಮುಕ್ಕಾಲು ಗಂಟೆ ಬಗ್ಗೆ. ನಡಿಗೆ, ಬಸ್ಸು, ಟ್ರೇನು, ಮತ್ತೆ ನಡಿಗೆ. ಇಂಟರ್ವ್ಯೂಗೆ ಮುಂಚೆ ಮ್ಯಾಪಲ್ಲಿ ನೋಡಿದಾಗ ಒಂದು ಗಂಟೆ ಐದು ನಿಮಿಷ ತೋರಿಸಿತ್ತು, ನಾನು ನೋಡಿದ್ದು ಭಾನುವಾರ ರಾತ್ರಿ ಹತ್ತು ಗಂಟೆಗೆ. ಆ ದಡ್ಡತನ ಮಾತ್ರ ನಂದೇ, ಒಪ್ಕೋತೀನಿ.

ದಿನಕ್ಕೆ ಮೂರೂವರೆ ಗಂಟೆ, ತಿಂಗಳಿಗೆ 22 ದಿನ, ಒಟ್ಟು 77 ಗಂಟೆ. ಆಫೀಸಿನ ಭಾಷೇಲೇ ಹೇಳೋದಾದ್ರೆ ಎಂಟೆಂಟು ಗಂಟೆಯ ಒಂಬತ್ತು ದಿನಕ್ಕಿಂತ ಜಾಸ್ತಿ. ರಜೆ ಗಿಜೆ ಕಳೆದು ಹನ್ನೊಂದು ತಿಂಗಳು ಹಿಡಿದ್ರೂ ವರ್ಷಕ್ಕೆ 847 ಗಂಟೆ, ಅಂದ್ರೆ ಹಗಲೂ ರಾತ್ರಿ ಸೇರಿಸಿ 35 ದಿನ. ಒಂದು ತಿಂಗಳಿಗೂ ಮೇಲೆ ನಾನು ಪೂರ್ತಿ ಬಸ್ಸು ಟ್ರೇನಲ್ಲೇ ಇರ್ತೀನಿ, ಊಟ ನಿದ್ದೆ ಎಲ್ಲಾ ಬಿಟ್ಟು. ಲೆಕ್ಕ ಹಾಕ್ಬೇಡ, ಹಾಕಿದ್ರೆ ಬೇಜಾರಾಗುತ್ತೆ ಅಂತ ಗಂಡ ಹೇಳಿದ್ರು. ಲೆಕ್ಕ ಹಾಕದೇ ಇದ್ರೂ ಆಗ್ತಿತ್ತಲ್ಲ ಸ್ವಾಮಿ.

ಹೋದ ವಾರದ ವಿಷಯ ಹೇಳ್ತೀನಿ. ಶನಿವಾರ ಬೆಳಿಗ್ಗೆ ಮಗಳಿಗೆ ಜಡೆ ಹಾಕೋಣ ಅಂತ ಕೂರಿಸ್ಕೊಂಡೆ. ಕನ್ನಡಿ ಪಕ್ಕದ ಗೂಡಿಗೆ ಕೈ ಹಾಕಿದೆ, ಬಾಚಣಿಗೆ ಇಲ್ಲ. ಡ್ರಾಯರ್ ಎಳೆದೆ, ಇಲ್ಲ. ಇವಳು ಸುಮ್ನೆ ಎದ್ದು ಹೋಗಿ ಶೂ ಸ್ಟ್ಯಾಂಡ್ ಮೇಲಿನ ಡಬ್ಬಿಯಿಂದ ಬಾಚಣಿಗೆ, ಎರಡು ರಬ್ಬರ್ ಬ್ಯಾಂಡು ತಂದುಕೊಟ್ಟಳು. ಅದ್ಯಾಕೆ ಅಲ್ಲಿ ಅಂದ್ರೆ, "ಅಮ್ಮಾ ಅದು ಅಲ್ಲೇ ಇರೋದು, ಅಪ್ಪ ಶೂ ಹಾಕಿಸ್ತಾ ತಲೆ ಬಾಚ್ತಾರಲ್ಲ" ಅಂದಳು. ಹೊಸದಾಗಿ ಬಂದ ನೆಂಟರಿಗೆ ಬಾತ್‌ರೂಮ್ ಎಲ್ಲಿದೆ ಅಂತ ತೋರಿಸ್ತೀವಲ್ಲ, ಅದೇ ಧ್ವನಿ. ಎಂಟು ವರ್ಷದ ಮಗು, ಕೊಂಕು ಗಿಂಕು ಏನೂ ಇಲ್ಲ. ಅದಕ್ಕೇ ಜಾಸ್ತಿ ಚುಚ್ಚಿದ್ದು. ಮೂರು ತಿಂಗಳಲ್ಲಿ ನಮ್ಮನೇಲಿ ಬಾಚಣಿಗೆಯ ಜಾಗ ಬದಲಾಗಿದೆ, ಅದು ನನಗೆ ಗೊತ್ತಿಲ್ಲ. ಇನ್ನೇನೇನು ಬದಲಾಗಿದೆಯೋ. ಅಂದಹಾಗೆ ಆ ಜಾಗ ಸರಿಯಾಗೇ ಇದೆ, ಹೊರಡೋ ಹೊತ್ತಲ್ಲಿ ಹತ್ತು ಹೆಜ್ಜೆ ಉಳಿಯುತ್ತೆ, ನನಗೆ ಇಷ್ಟು ವರ್ಷ ಯಾಕೆ ಹೊಳೀಲಿಲ್ಲ ಅಂತ ಇನ್ನೊಂದು ಹೊಟ್ಟೆಕಿಚ್ಚು ಬೇರೆ.

ಈಗ ಹೇಳಿ, ಆ ಮೂರೂವರೆ ಗಂಟೆ ಯಾರದ್ದು? ಆಫೀಸು ನಮ್ಮದಲ್ಲ ಅನ್ನುತ್ತೆ, ಒಂಬತ್ತಕ್ಕೆ ಪಂಚ್ ಆದ್ಮೇಲಷ್ಟೇ ಅವರ ಲೆಕ್ಕ. ಮನೇಲಿ ಇರಲ್ಲ, ಹಾಗಾಗಿ ಮನೆಯದ್ದೂ ಅಲ್ಲ. ಯಾರದ್ದೂ ಅಲ್ಲ ಅಂದ್ಮೇಲೆ ನಿಂದೇ ತಗೋ, ಮೀ ಟೈಮ್! ಬೇಡದ ಹಳೇ ಸೋಫಾ ತಂದು ನಮ್ಮನೆ ಬಾಗಿಲಲ್ಲಿಟ್ಟು ಗಿಫ್ಟ್ ಅಂದ ಹಾಗಾಯ್ತು.

ಓದಿ ಅಂದ್ರಲ್ಲ, ಟ್ರೇನಲ್ಲಿ ಸೀಟ್ ಸಿಕ್ಕ ದಿನ ಓದಿದ್ದೂ ಇದರ ಬಗ್ಗೇನೇ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ ಅಂತ ಒಂದು ಘೋಷಣೆ ಇದೆಯಲ್ಲ, ಅದನ್ನ 1817ರ ಹೊತ್ತಿಗೆ ಶುರು ಮಾಡಿದ್ದು ರಾಬರ್ಟ್ ಓವನ್ ಅಂತಾರೆ, ಸ್ಕಾಟ್ಲೆಂಡಿನ ನ್ಯೂ ಲನಾರ್ಕ್‌ನಲ್ಲಿ ಬಟ್ಟೆ ಗಿರಣಿ ನಡೆಸ್ತಿದ್ದ ಮನುಷ್ಯ. 8+8+8 ಸೇರಿದ್ರೆ 24 ಮುಗೀತು. ಹೋಗಿ ಬರೋಕೆ ಒಂದು ನಿಮಿಷವೂ ಇಟ್ಟಿಲ್ಲ ಪುಣ್ಯಾತ್ಮ. ಯಾಕೆ ಅಂದ್ರೆ ಅವನ ಗಿರಣಿಯ ಕೆಲಸಗಾರರ ಮನೆಗಳು ಗಿರಣಿ ಪಕ್ಕದಲ್ಲೇ ಇದ್ವು! ಇನ್ನೂರು ವರ್ಷ ಆಯ್ತು, ಮನೆ ದೂರ ಹೋಯ್ತು, ಆಫೀಸು ಇನ್ನೂ ದೂರ ಹೋಯ್ತು, ಆದ್ರೆ ಲೆಕ್ಕ ಮಾತ್ರ ಇವತ್ತಿಗೂ ಓವನ್ ಕಾಲದ್ದೇ. ನಮ್ಮ ಪ್ರಯಾಣವನ್ನ ಆ ಮೂರು ಎಂಟರಲ್ಲಿ ಯಾವುದರಿಂದ ಕತ್ತರಿಸ್ಬೇಕು ಅಂತ ಯಾರೂ ಹೇಳಲ್ಲ, ಕೆಲಸದ ಎಂಟನ್ನ ಮುಟ್ಟೋ ಹಾಗಿಲ್ಲ ಅಂತ ಮಾತ್ರ ಎಲ್ಲರಿಗೂ ಗೊತ್ತು.

ಇನ್ನೊಂದು ಓದಿದೆ. 2004ರಲ್ಲಿ ಬಂದ ಒಂದು ಅಧ್ಯಯನಕ್ಕೆ ಡೇನಿಯಲ್ ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಯವರು ಅಮೆರಿಕದ ಟೆಕ್ಸಸ್‌ನ 909 ಕೆಲಸಕ್ಕೆ ಹೋಗೋ ಹೆಂಗಸರ ಹತ್ರ, ನಿನ್ನೆ ನೀವು ಏನೇನು ಮಾಡಿದ್ರಿ, ಮಾಡುವಾಗ ಹೇಗನ್ನಿಸ್ತು ಅಂತ ಕೇಳಿ ಬರೆಸಿಕೊಂಡ್ರು. ಖುಷಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗೆ ಬಂದಿದ್ದು ಕೆಲಸಕ್ಕೆ ಹೋಗಿ ಬರೋ ಪ್ರಯಾಣ. ಆಫೀಸ್ ಕೆಲಸಕ್ಕಿಂತ ಕೆಳಗೆ, ಮನೆಗೆಲಸಕ್ಕಿಂತಲೂ ಕೆಳಗೆ. ಅಂದ್ರೆ ಸಿಂಕ್ ತುಂಬ ಪಾತ್ರೆ ಇದಕ್ಕಿಂತ ಮೇಲು ಅಂತ 909 ಜನ ಹೆಂಗಸರು ಹೇಳಿದ ಹಾಗೆ. ಪಾತ್ರೆ ತೊಳೆಯೋದಕ್ಕೆ ಯಾರಾದ್ರೂ ಮೀ ಟೈಮ್ ಅಂತ ಹೆಸರಿಟ್ಟಿದಾರಾ? (ಇಟ್ಟಿರಬಹುದು, ನಂಬೋಕಾಗಲ್ಲ.) ಆಮೇಲೆ 2011ರಲ್ಲಿ ಬ್ರಿಟನ್ನಿನ ಅಂಕಿಅಂಶ ಇಟ್ಕೊಂಡು ಮಾಡಿದ ಒಂದು ಅಧ್ಯಯನದಲ್ಲಿ ಈ ಪ್ರಯಾಣ ಹೆಂಗಸರ ಮನಸ್ಸಿನ ಆರೋಗ್ಯ ಕೆಡಿಸುತ್ತೆ, ಗಂಡಸರಿಗೆ ಅಂಥದ್ದೇನೂ ಕಾಣ್ಲಿಲ್ಲ ಅಂತ ಬಂತು. ಕಾರಣ ಅವರಿಗೆ ಕಂಡಿದ್ದು ಮನೆ ಮಕ್ಕಳ ಜವಾಬ್ದಾರಿ. ಇದನ್ನ ಗಂಡನಿಗೆ ಫಾರ್ವರ್ಡ್ ಮಾಡಿದೆ. "ಗಂಡಸರು ಹೇಳ್ಕೊಳ್ಳಲ್ಲ ಅಷ್ಟೇ" ಅಂತ ರಿಪ್ಲೈ ಬಂತು. ಜೊತೆಗೆ ನಮ್ಮ ಚಿಕ್ಕ ಮಗ ಗೋಡೆ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿದ್ದರ ಫೋಟೋ. ಸರಿ, ಆ ಪಾಯಿಂಟ್ ಅವರದ್ದು.

ಈಗ ನೀವು ಕೇಳೋದು ಗೊತ್ತು ನನಗೆ. ಗೊತ್ತಿದ್ದೇ ಸೇರಿದ್ದಲ್ವಾ? ಸಂಬಳ ಜಾಸ್ತಿ ಅಂತ ತಾನೇ ಹೋಗಿದ್ದು? ಮನೆ ಶಿಫ್ಟ್ ಮಾಡಿ! ಹೌದು, ಗೊತ್ತಿದ್ದೇ ಸೇರಿದ್ದು, ಏಳು ತಿಂಗಳು ಖಾಲಿ ಕೂತೋರಿಗೆ ಗೊತ್ತಿರೋದು ಗೊತ್ತಿಲ್ಲದಿರೋದು ಎರಡೂ ಒಂದೇ. ಮನೆ ಶಿಫ್ಟ್ ಮಾಡಿದ್ರೆ ಗಂಡನಿಗೆ ಒಂದೂಮುಕ್ಕಾಲು ಗಂಟೆ, ಮಗಳಿಗೆ ಹೊಸ ಸ್ಕೂಲು, ಅಂದ್ರೆ ನನ್ನ ತಲೆನೋವನ್ನ ಎತ್ತಿ ಅವರಿಬ್ಬರ ತಲೆ ಮೇಲೆ ಇಟ್ಟಂಗೆ. ಸಂಬಳದ ಮಾತಿಗೆ ಬಂದ್ರೆ, ಸ್ಟುಟ್ಜರ್ ಮತ್ತೆ ಫ್ರೈ ಅಂತ ಸ್ವಿಟ್ಜರ್ಲೆಂಡಿನ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ನೋಡಿದ್ರು. ದೂರ ಹೋಗೋರಿಗೆ ಸಂಬಳದಲ್ಲೋ ಮನೆಯಲ್ಲೋ ಆ ನಷ್ಟ ತುಂಬಿಬರಬೇಕು ಅನ್ನೋದು ಪುಸ್ತಕದ ಮಾತು. ಜರ್ಮನಿಯ ಜನರನ್ನ ನೋಡಿದ್ರೆ ಹಾಗಿಲ್ಲ, ಪ್ರಯಾಣ ಜಾಸ್ತಿ ಆದಷ್ಟೂ ಜೀವನದ ಬಗ್ಗೆ ನೆಮ್ಮದಿ ಕಮ್ಮಿ. ಅವರು ಇದನ್ನ ಪ್ಯಾರಡಾಕ್ಸ್, ಅಂದ್ರೆ ವಿರೋಧಾಭಾಸ, ಅಂತ ಕರೆದ್ರು. ನನ್ನ ಕೇಳಿದ್ರೆ ಪ್ಯಾರಡಾಕ್ಸ್ ಏನೂ ಇಲ್ಲ. ಸಂಬಳ ತಿಂಗಳಿಗೆ ಒಂದು ಸಲ ಬರುತ್ತೆ, ಬಸ್ಸು ದಿನಾ ಎರಡು ಸಲ ಬರುತ್ತೆ. ಬಂದ್ರೆ.

ನನ್ನ ಹಳೇ ಗೆಳತಿ ಒಬ್ಬಳು (ಓದ್ತಿರ್ತೀಯ, ಗೊತ್ತು), ಜನರಿಗೆ ಪ್ರಯಾಣ ಪೂರ್ತಿ ಇಲ್ಲದೇ ಇದ್ರೂ ಆಗಲ್ಲ ಕಣೇ, ಅದಕ್ಕೂ ರಿಸರ್ಚ್ ಇದೆ ಅಂದಳು. ಇದೆ, ಇಲ್ಲ ಅನ್ನಲ್ಲ. ನಿಮಗೆ ಎಷ್ಟು ದೂರದ ಪ್ರಯಾಣ ಇಷ್ಟ ಅಂತ ಕ್ಯಾಲಿಫೋರ್ನಿಯಾದಲ್ಲಿ ಕೇಳಿದಾಗ ಜನ ಸೊನ್ನೆ ಅನ್ನಲಿಲ್ಲ, ಸರಾಸರಿ 16 ನಿಮಿಷ ಅಂದ್ರು. ಹದಿನಾರು ನಿಮಿಷ! ನಾನು ಹದಿನಾರು ನಿಮಿಷಕ್ಕೆ ಇನ್ನೂ ಮೊದಲನೇ ಸ್ಟಾಪಲ್ಲಿ ನಿಂತು ಬಸ್ ಬರೋ ದಿಕ್ಕು ನೋಡ್ತಿರ್ತೀನಿ.

ಒಂದು ನಿಜ ಹೇಳ್ಲಾ, ನಗಬಾರದು. ಹೋದ ತಿಂಗಳು ಒಂದು ರಾತ್ರಿ ಟ್ರೇನ್ ಮಧ್ಯದಲ್ಲಿ ನಿಂತುಬಿಡ್ತು, ನಲವತ್ತು ನಿಮಿಷ, ನೆಟ್ವರ್ಕ್ ಇಲ್ಲ. ಎಲ್ಲರೂ ಬೈತಿದ್ರು. ನಾನು ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ, ಆರಾಮಾಗಿದ್ದೆ. ಆಫೀಸಿಂದ ಫೋನ್ ಬರಲ್ಲ, ಮನೆಯಿಂದಲೂ ಬರಲ್ಲ, ಲೇಟ್ ಆಗಿದ್ದಕ್ಕೆ ನಾನು ಕಾರಣ ಅಲ್ಲ. ಇನ್ನೊಂದು ಹತ್ತು ನಿಮಿಷ ನಿಲ್ಲಲಿ ಅಂತ ಕೂಡ ಅನ್ನಿಸ್ತು. ಮನೆಗೆ ಹೋದಾಗ ಮಕ್ಕಳಿಬ್ಬರೂ ಮಲಗಿದ್ರು, ಮಗಳ ಕೈಲಿ ನನಗೆ ತೋರಿಸ್ಬೇಕು ಅಂತ ಇಟ್ಕೊಂಡ ನೋಟ್‌ಬುಕ್ ಹಾಗೇ ಇತ್ತು, ಹಾಳೆ ಮಡಚಿ ಗುರುತು ಮಾಡಿದ್ದಳು. ಮ್ಯಾನೇಜರ್ ಹೇಳಿದ ಮೀ ಟೈಮ್ ಅಂದ್ರೆ ಇದೇನಾ? ಅಲ್ಲ ಬಿಡಿ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೂ ಫೋನ್ ಬರಲ್ಲ, ಹಾಗಂತ ಲಿಫ್ಟ್ ಒಳಗೆ ರೆಸ್ಟ್ ತಗೊಂಡ್ರು ಅಂತ ಯಾರೂ ಹೇಳಲ್ಲ.

ದಿನಾ ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ ಅನ್ನೋರಿಗೂ ಒಂದು ಮಾತು. ಪ್ರತಿದಿನ ಕರೆಕ್ಟಾಗಿ ಒಂದೂಮುಕ್ಕಾಲು ಗಂಟೆ ಆಗೋದಾದ್ರೆ ಅಭ್ಯಾಸ ಆಗ್ತಿತ್ತೇನೋ. ಒಂದಿನ ಒಂದೂವರೆ, ಒಂದಿನ ಎರಡೂಕಾಲು. "ಏಳೂಮುಕ್ಕಾಲಿಗೆ ಬರ್ತೀನಿ" ಅಂತ ಮಕ್ಕಳಿಗೆ ಹೇಳೋದು ಬಿಟ್ಟು "ಬೇಗ ಬರ್ತೀನಿ" ಅಂತ ಹೇಳೋಕೆ ಶುರು ಮಾಡಿದೀನಿ. ಬೇಗ ಅನ್ನೋ ಪದಕ್ಕೆ ಗಡಿಯಾರ ಇಲ್ಲ ಅಂತ ಚಿಕ್ಕವನಿಗೆ ಇನ್ನೂ ಗೊತ್ತಾಗಿಲ್ಲ, ದೊಡ್ಡವಳಿಗೆ ಗೊತ್ತಾಗಿದೆ.

ಹೋದ ಬುಧವಾರ ಬೇಗ ಹೊರಟ್ರೆ ಎಷ್ಟು ಹೊತ್ತಾಗುತ್ತೆ ನೋಡೋಣ ಅಂತ ಮನೆಯಿಂದ ಆರೂಹತ್ತಕ್ಕೇ ಹೊರಟೆ, ಒಂದು ಗಂಟೆ ಹತ್ತು ನಿಮಿಷಕ್ಕೆ ಆಫೀಸಲ್ಲಿದ್ದೆ. ಅದೇ ದಾರಿ, ಅದೇ ಬಸ್ಸು, ಮೂವತ್ತೈದು ನಿಮಿಷ ಕಮ್ಮಿ, ಸೀಟೂ ಸಿಕ್ತು. ಹಾಗಾಗಿ ಇವತ್ತು ಬಸ್ಸಲ್ಲಿ ಬಂದ ಸಿಟ್ಟಲ್ಲೇ, ಟ್ರೇನಲ್ಲಿ ಕೂತು, ಫೋನಲ್ಲೇ ಮೇಲ್ ಟೈಪ್ ಮಾಡಿದೆ. ಒಂಬತ್ತರಿಂದ ಆರರ ಬದಲು ಏಳೂವರೆಯಿಂದ ನಾಲ್ಕೂವರೆ ಮಾಡ್ತೀನಿ, ಅದೇ ಒಂಬತ್ತು ಗಂಟೆ, ನಿಮಗೆ ನಯಾಪೈಸೆ ಖರ್ಚಿಲ್ಲ, ನನಗೆ ದಿನಕ್ಕೆ ಒಂದು ಗಂಟೆಗೂ ಮೇಲೆ ಉಳಿಯುತ್ತೆ ಅಂತ. ಬೆಳಿಗ್ಗೆ ಮಕ್ಕಳು ಏಳೋ ಮುಂಚೆ ಹೋಗ್ಬೇಕಾಗುತ್ತೆ, ಜಡೆ ಹೇಗೂ ಈಗ ನನ್ನ ಇಲಾಖೆ ಅಲ್ಲ, ಸಾಯಂಕಾಲ ಆದ್ರೂ ಬೆಳಕಿರುವಾಗ ಮನೆ ಸೇರ್ತೀನಿ. ಮೂರು ಸಲ ಓದಿ, "ಮೀ ಟೈಮ್" ಅನ್ನೋ ಪದ ಬಂದಿದ್ದ ಒಂದು ಸಾಲು ಅಳಿಸಿ, ಕಳಿಸಿಬಿಟ್ಟೆ.

ಮನೆ ಬಾಗಿಲ ಹತ್ರ ಬರೋ ಹೊತ್ತಿಗೆ ರಿಪ್ಲೈ ಬಂದಿತ್ತು. ಒಂದೇ ಪದ, "ನೋಡೋಣ." ಚಿಕ್ಕವನು ನಾಯಿಮರಿ ಬೇಕು ಅಂದಾಗೆಲ್ಲ ನಾನೂ ಇದನ್ನೇ ಹೇಳೋದು.