ನಾಲ್ಕಾಣೆ ಭಾರ

ನಾಲ್ಕಾಣೆಯನ್ನು ಸರ್ಕಾರ ಚಲಾವಣೆಯಿಂದ ತೆಗೆದದ್ದು 2011ರ ಜೂನ್ ಕೊನೆಗೆ. ನಮ್ಮ ಮನೆಯಲ್ಲಿ ಒಂದು ನಾಲ್ಕಾಣೆ ಅದಾದ ಮೇಲೂ ಹತ್ತು ವರ್ಷ ಡ್ಯೂಟಿ ಮಾಡಿತು. ಅಪ್ಪನ ರೆಕಾರ್ಡ್ ಪ್ಲೇಯರಿನ ತೋಳಿನ ತುದಿಯಲ್ಲಿ, ಸೆಲ್ಲೋಟೇಪ್ ಸುತ್ತಿಸಿಕೊಂಡು, ಸರಿಯಾಗಿ ಮುಳ್ಳಿನ ನೆತ್ತಿಯ ಮೇಲೆ ಕೂತಿತ್ತು. ಮುಳ್ಳು ಗೆರೆ ತಪ್ಪಿ ಪ್ಲೇಟು ಹಾರಿದರೆ ಅಪ್ಪನ ಹತ್ತಿರ ಇದ್ದದ್ದು ಅದೊಂದೇ ಔಷಧ. ಜಾಸ್ತಿ ಹಾರಿದರೆ ಎಂಟಾಣೆ.

ಸೂಟ್‌ಕೇಸಿನಂತೆ ಮುಚ್ಚಿ ಎತ್ತಿಕೊಂಡು ಹೋಗುವ ಪ್ಲೇಯರ್ ಅದು. ಅದರಲ್ಲಿದ್ದದ್ದು ಸೆರಾಮಿಕ್ ಕಾರ್ಟ್ರಿಜ್; ಕಾರ್ಟ್ರಿಜ್ ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದು, ಅದರ ಅಲುಗಾಟವನ್ನು ಕರೆಂಟು ಮಾಡುವ ಪುಟ್ಟ ಭಾಗ. ಮುಳ್ಳು ಅಲುಗಾಡಿದರೆ ಒಂದು ಚೂರು ಸೆರಾಮಿಕ್ ಬಾಗಿ ಕರೆಂಟು ಹುಟ್ಟುತ್ತದೆ. ಗ್ಯಾಸ್ ಲೈಟರ್ ಒತ್ತಿದರೆ ಕಿಡಿ ಬರುವುದೂ ಇದೇ ಉಪಾಯದಿಂದ. ಐದಾರು ಗ್ರಾಮ್ ಭಾರ ಹೇರಿದರೂ ಅದಕ್ಕೆ ತಕರಾರಿಲ್ಲ. ಪ್ಲೇಟು ಸವೆಯುತ್ತಿತ್ತು, ನಿಜ. ಆದರೆ ಹಾಡುತ್ತಲೇ ಸವೆಯುತ್ತಿತ್ತು. ಅಮ್ಮ ಹುರುಳೀಕಾಯಿ ನಾರು ತೆಗೆಯುತ್ತಾ ಜೊತೆಗೆ ಹಾಡುತ್ತಿದ್ದಳು. ಎಲ್ಲರೂ ಸುಖವಾಗಿದ್ದೆವು.

ಲಾಕ್‌ಡೌನಿನಲ್ಲಿ ನಾನು ಓದಬಾರದ್ದನ್ನೆಲ್ಲ ಓದಿ ಕೆಟ್ಟೆ. ಮೂವಿಂಗ್ ಮ್ಯಾಗ್ನೆಟ್ ಎಂಬ ಕಾರ್ಟ್ರಿಜ್ ಇದೆಯಂತೆ. ಮುಳ್ಳಿರುವ ತೆಳ್ಳನೆಯ ಕಡ್ಡಿಯ ಹಿಂದೆ ಸಾಸಿವೆಯಷ್ಟು ಅಯಸ್ಕಾಂತ, ಅದರ ಪಕ್ಕ ತಂತಿಯ ಸುರುಳಿಗಳು. ಎರಡು ಗ್ರಾಮ್ ಭಾರ ಹಾಕಿದರೆ ಸಾಕು. ಮೋಟಾರಿನ ನಡುಕ ಮುಳ್ಳಿಗೆ ತಾಗದಿರಲಿ ಎಂದು ಮೋಟಾರನ್ನು ಒಂದು ಮೂಲೆಗೆ ತಳ್ಳಿ, ರಬ್ಬರ್ ಬೆಲ್ಟಿನಿಂದ ತಟ್ಟೆ ತಿರುಗಿಸುತ್ತಾರಂತೆ. ಅಂಥದ್ದೊಂದನ್ನು ಕೊಂಡೇಬಿಟ್ಟೆ. ಅದು ಮನೆಗೆ ಬಂದ ದಿನ ಅಮ್ಮನನ್ನು ಕೂರಿಸಿ, ನಾಲ್ಕಾಣೆ ಎಂಥ ಅನಾಗರಿಕ ಪದ್ಧತಿ ಎಂದು ಅರ್ಧ ಗಂಟೆ ವಿವರಿಸಿದೆ. ಆಮೇಲೆ ಅಪ್ಪನ ದೇವರನಾಮದ ಎಲ್‌ಪಿ ಹಾಕಿ ಮುಳ್ಳು ಇಳಿಸಿದೆ.

"ಸೊಳ್ಳೆ ಹಾಡ್ದಂಗಿದೆ ಕಣೋ" ಅಂದಳು ಅಮ್ಮ.

ಹಾಗೇ ಇತ್ತು. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಮೃದಂಗ ನಾಪತ್ತೆ, ತಾಳ ಮಾತ್ರ ಚಿಣ್ ಚಿಣ್. ತಪ್ಪು ಪ್ಲೇಯರಿನದಲ್ಲ. ಮಂದ್ರದ ಸದ್ದನ್ನು ಇದ್ದ ಹಾಗೇ ಕೊರೆದರೆ ಗೆರೆ ಅಗಲವಾಗಿ ಒಂದು ಎಲ್‌ಪಿಯಲ್ಲಿ ಹಿಡಿಸುವ ಹಾಡೇ ಕಮ್ಮಿಯಾಗುತ್ತದೆ. ಅದಕ್ಕೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವಾಗ ಅದನ್ನು ಉಲ್ಟಾ ಮಾಡಬೇಕು. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಇದಕ್ಕೊಂದು ಲೆಕ್ಕ ಗೊತ್ತುಮಾಡಿ, ಆರ್‌ಐಎಎ ಎಂಬ ತನ್ನ ಹೆಸರನ್ನೇ ಇಟ್ಟಿತು. ಸೆರಾಮಿಕ್ ಕಾರ್ಟ್ರಿಜ್ ಆ ಉಲ್ಟಾ ಕೆಲಸವನ್ನು ತನ್ನ ಸ್ವಭಾವದಿಂದಲೇ ಹೆಚ್ಚುಕಮ್ಮಿ ಮುಗಿಸಿಬಿಡುತ್ತದೆ, ಮೇಲಾಗಿ ಕರೆಂಟನ್ನೂ ಧಾರಾಳವಾಗಿ ಕೊಡುತ್ತದೆ. ನನ್ನ ನಾಜೂಕಿನದು ಕೊಡುವುದು ನಾಲ್ಕೈದು ಮಿಲಿವೋಲ್ಟ್. ಅದಕ್ಕೆ ಫೋನೋ ಪ್ರೀ ಆಂಪ್ಲಿಫೈಯರ್ ಎಂಬ ಡಬ್ಬಿ ಬೇರೆ ಬೇಕು. ಅದೂ ಬಂತು.

ಈಗ ಮೃದಂಗ ಕೇಳಿಸಿತು. ಅದರ ಹಿಂದೆ ಗುಂಯ್ ಎಂದು ಒಂದು ಶ್ರುತಿ.

"ತಂಬೂರಿ ಎಷ್ಟು ಚೆನ್ನಾಗಿ ಕೇಳ್ತಿದೆ ನೋಡು! ಹಳೇದರಲ್ಲಿ ಕೇಳ್ತಾನೇ ಇರ್ಲಿಲ್ಲ."

ಹೌದಮ್ಮ, ಕಾರ್ಟ್ರಿಜ್ ಅಂದ್ರೆ ಸುಮ್ನೆ ಅಲ್ಲ ಎಂದು ಬೀಗಿದೆ. ಹಾಡು ಮುಗಿಯಿತು, ಮುಳ್ಳು ಎತ್ತಿದೆ. ತಂಬೂರಿ ನಿಲ್ಲಲಿಲ್ಲ.

ಪ್ಲೇಯರಿನ ಹಿಂದೆ ಎರಡು ವೈರುಗಳ ಜೊತೆ ತೆಳ್ಳಗಿನ ಮೂರನೆಯದೊಂದು ಇತ್ತು. ತುದಿಯಲ್ಲಿ ಪ್ಲಗ್ಗಿಲ್ಲ, ಕವೆಯಂಥ ಒಂದು ಪುಟ್ಟ ತಗಡು ಅಷ್ಟೇ. ಪ್ಯಾಕಿಂಗಿನದಿರಬೇಕು ಎಂದುಕೊಂಡು ಮೊದಲ ದಿನವೇ ಕತ್ತರಿಸಿ ಎಸೆದಿದ್ದೆ. ಅದು ಅರ್ಥ್ ವೈರು. ನಮ್ಮ ಗೋಡೆಗಳಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ 50 ಸಲ ಓಲಾಡುತ್ತದೆ. ಡಬ್ಬಿ ಹಾಡನ್ನು ನೂರು ಪಟ್ಟು ದೊಡ್ಡದು ಮಾಡುವಾಗ ಈ ಓಲಾಟವನ್ನೂ ನೂರು ಪಟ್ಟು ಮಾಡಿತ್ತು. ತೋಳಿನ ಲೋಹವನ್ನು ಬೆರಳಿನಿಂದ ಮುಟ್ಟಿದರೆ ತಂಬೂರಿ ಬಂದ್, ಬಿಟ್ಟರೆ ಶುರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ನೇಹಿತರೊಬ್ಬರು ವೈರು ತರುವವರೆಗೆ ಎರಡು ದಿನ, ನಾಡಿ ಹಿಡಿದ ಪಂಡಿತನ ಹಾಗೆ ತೋಳು ಮುಟ್ಟಿಕೊಂಡು ಸಂಗೀತ ಕೇಳಿದೆ.

ಅದು ಸರಿಹೋಯಿತು, ಪ್ಲೇಟು ಹಾರತೊಡಗಿತು. ಅಪ್ಪನ ಪ್ಲೇಯರಿನಲ್ಲಿ ಹಾರದ ಕಡೆಯೂ ಹಾರಿತು. ಅಮ್ಮ ಏನೂ ಹೇಳಲಿಲ್ಲ, ಷೋಕೇಸಿನ ಮೇಲಿದ್ದ ಹಳೇ ಪ್ಲೇಯರ್ ಕಡೆ ಒಮ್ಮೆ ನೋಡಿದಳು. ಹೇಳಿದ್ದರೇ ವಾಸಿಯಿತ್ತು.

ಭಾರ ಎರಡು ಗ್ರಾಮ್ ಇದೆಯೋ ಇಲ್ಲವೋ ನೋಡಬೇಕು. ಅಷ್ಟು ಸಣ್ಣ ತೂಕ ನಮ್ಮ ಮೈಸೂರಿನಲ್ಲಿ ಯಾರ ಹತ್ತಿರ ಇರುತ್ತದೆ? ಪ್ಲೇಯರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಶೋಕ ರಸ್ತೆಯ ಚಿನ್ನದಂಗಡಿಗೆ ಹೋದೆ.

"ಏನು ತೂಗಬೇಕು ಸಾರ್?"

"ಮುಳ್ಳು ಎಷ್ಟು ಭಾರ ಊರುತ್ತೆ ಅಂತ."

ಅಂಗಡಿಯವರು ಪ್ಲೇಯರ್ ನೋಡಿದರು, ನನ್ನನ್ನು ನೋಡಿದರು. "ಚಿನ್ನ ಎಲ್ಲಿದೆ ಇದರಲ್ಲಿ?" ಚಿನ್ನ ಇಲ್ಲ, ತುದಿಯಲ್ಲಿ ವಜ್ರ ಇದೆ ಅಂದೆ. ಅಲ್ಲಿಂದ ಮರ್ಯಾದೆ ಜಾಸ್ತಿಯಾಯಿತು. ಭೂತಗನ್ನಡಿ ಕಣ್ಣಿಗೆ ಏರಿಸಿ ಮುಳ್ಳನ್ನು ಬಗ್ಗಿ ನೋಡಿ, "ಇದಕ್ಕೆ ಬೆಲೆ ಕಟ್ಟೋಕಾಗಲ್ಲ" ಎಂದರು. ಹೊಗಳಿಕೆಯಲ್ಲ ಎಂದು ಆಮೇಲೆ ಹೊಳೆಯಿತು. ತೋಳನ್ನು ತಕ್ಕಡಿಯ ಮೇಲೆ ಮೆಲ್ಲಗೆ ಇಳಿಸಿದೆವು. ಎರಡು ತೋರಿಸಬೇಕಿತ್ತು. ತೋರಿಸಿದ್ದು ಒಂದೂ ಚಿಲ್ಲರೆ.

"ಇಷ್ಟು ಕಮ್ಮಿ ತೂಗಿದ್ರೆ ನಮ್ಮ ಗಿರಾಕಿಗಳು ಪೊಲೀಸ್ ಕರೀತಾರೆ ಸಾರ್."

ತೋಳನ್ನು ಮೊದಲು ತಕ್ಕಡಿ ದಂಡದಂತೆ ಸಮ ನಿಲ್ಲಿಸಿ, ಆಮೇಲೆ ಹಿಂದಿನ ಗುಂಡನ್ನು ತಿರುಗಿಸಿ ಎರಡು ಗ್ರಾಮ್ ಕೊಡಬೇಕು. ನಾನು ಸಮ ನಿಲ್ಲಿಸುವಾಗ ಮುಳ್ಳಿನ ಪ್ಲಾಸ್ಟಿಕ್ ಟೋಪಿ ತೆಗೆದಿರಲೇ ಇಲ್ಲ! ಟೋಪಿ ತೆಗೆದಾಗ ಅದರ ತೂಕದಷ್ಟು ಖೋತಾ. ಭಾರ ಕಮ್ಮಿಯಾದರೆ ಪ್ಲೇಟಿಗೆ ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ಇಲ್ಲ. ಸಡಿಲವಾದ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗಳನ್ನೇ ಕೆತ್ತುತ್ತದೆ. ಅಪ್ಪನ ಐದಾರು ಗ್ರಾಮಿನಷ್ಟೇ ಇದೂ ಅನಾಗರಿಕ.

ಭಾರ ಸರಿ ಮಾಡಿಕೊಂಡು ಬಂದ ಮೇಲೆ ಕೇಳಿಸತೊಡಗಿದ್ದು ನಮ್ಮ ಮನೆ. ಒಳ್ಳೆಯ ಕಾರ್ಟ್ರಿಜ್ಜಿಗೆ ಯಾವುದು ಹಾಡು, ಯಾವುದು ಸಂಸಾರ ಎಂಬ ಭೇದವಿಲ್ಲ. ಅಲುಗಾಡಿದ್ದನ್ನೆಲ್ಲ ಹಾಡು ಎಂದೇ ತಿಳಿಯುತ್ತದೆ. ಅಡುಗೆಮನೆಯಲ್ಲಿ ದೋಸೆಹಿಟ್ಟಿಗೆ ಗ್ರೈಂಡರ್ ಹಾಕಿದರೆ ಸ್ಪೀಕರಿನಲ್ಲೂ ರುಬ್ಬುತ್ತದೆ. ಬಾಗಿಲು ಬಡಿದರೆ ಮೃದಂಗಕ್ಕೆ ಒಂದು ಏಟು ಜಾಸ್ತಿ. ಕೊನೆಗೆ ಮಗನ ಎರಡು ಟೆನಿಸ್ ಬಾಲನ್ನು ಅರ್ಧರ್ಧ ಕತ್ತರಿಸಿ, ಮೇಲೆ ಒಂದು ಕಡಪ ಕಲ್ಲು ಹೊದಿಸಿ, ಅದರ ಮೇಲೆ ಪ್ಲೇಯರ್ ಇಟ್ಟೆ. ಮಗ ವಾರವಿಡೀ ಮಾತು ಬಿಟ್ಟ. ಸದ್ದು ಕಮ್ಮಿಯಾಗಲು ಅದೂ ಸ್ವಲ್ಪ ಸಹಾಯ ಮಾಡಿರಬಹುದು.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ದೇವರನಾಮ. ಗುಂಯ್ ಇಲ್ಲ, ಸೊಳ್ಳೆ ಇಲ್ಲ. ಗಾಯಕರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಅಮ್ಮ ಎಂದಿನಂತೆ ಹುರುಳೀಕಾಯಿ ಹಿಡಿದು ಜೊತೆಗೆ ಹಾಡುತ್ತಿದ್ದಳು. ಮೂರನೆಯ ಚರಣದಲ್ಲಿ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಅಮ್ಮ ಮುಂದೆ ಹೋದಳು, ಗಾಯಕರು ಹಿಂದೆ ಉಳಿದರು.

ಅಲ್ಲೊಂದು ಗೀರು ಇದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಸುತ್ತಿಗೆ 1.8 ಸೆಕೆಂಡು. ಅಪ್ಪನ ಮುಳ್ಳು ನಾಲ್ಕಾಣೆ ಹೊತ್ತೂ ಅಲ್ಲಿ ಎರಡು ಸುತ್ತು ಹಾರಿ, ಅರ್ಧ ಸಾಲು ನುಂಗುತ್ತಿತ್ತು. ಅಮ್ಮ ಕಲಿತದ್ದು ನುಂಗಿ ಉಳಿದ ಹಾಡನ್ನೇ. ಹೊಸ ಮುಳ್ಳು ಟಕ್ ಎಂದು ಗೀರು ದಾಟಿ ನೆಟ್ಟಗೆ ಸಾಗಿತ್ತು.

ಅಮ್ಮ ಹುರುಳೀಕಾಯಿ ಕೆಳಗಿಟ್ಟಳು. ಎದ್ದು ಬಂದು ತಿರುಗುತ್ತಿದ್ದ ಪ್ಲೇಟಿನ ಲೇಬಲ್ಲನ್ನು ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದಳು.

"ಇದು ಬೇರೆ. ನಿಮ್ಮಪ್ಪನ ಪ್ಲೇಟು ಎಲ್ಲಿಟ್ಟೆ?"