ಸ್ಟಿಕ್ಕರ್ ಬಿಡಿ, ಹಿಂದಿನ ಮುಚ್ಚಳ ಬಿಚ್ಚಿ ನೋಡಿ

ಹೋದ ತಿಂಗಳು ಅಕ್ಕ ಫೋನ್ ಮಾಡಿದ್ದಳು. ಮಗಳಿಗೆ ಲ್ಯಾಪ್‌ಟಾಪ್ ಬೇಕು, ಇಂಜಿನಿಯರಿಂಗ್ ಎರಡನೇ ಸೆಮಿಸ್ಟರ್ ಶುರುವಾಗ್ತಿದೆ, ಅಂಗಡಿಯಲ್ಲೇ ನಿಂತಿದ್ದೀನಿ, ಬೇಗ ಹೇಳು ಅಂತ. "ಎಐ ಲ್ಯಾಪ್‌ಟಾಪ್ ಅಂತ ಸ್ಟಿಕ್ಕರ್ ಅಂಟಿಸಿದಾರೆ ಕಣೋ. ತುಂಬಾ ತೆಳ್ಳಗಿದೆ. ಇದನ್ನೇ ತಗೊಳ್ಳಿ ಅಂತಿದಾರೆ." ರ‍್ಯಾಮ್ ಅಂದರೆ ಕೆಲಸ ಮಾಡುವಾಗ ಬಳಸುವ ಮೆಮೊರಿ ಎಷ್ಟು ಅಂತ ಕೇಳಿದೆ. ಎಂಟು ಜಿಬಿ. ಮುಂದೆ ಜಾಸ್ತಿ ಮಾಡಿಸಬಹುದಾ ಅಂತ ಕೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತುಕತೆ ನಡೆಯಿತು. "ಆಗಲ್ವಂತೆ, ಬೋರ್ಡಿಗೇ ಫಿಕ್ಸ್ ಆಗಿ ಬರುತ್ತಂತೆ. ಈಗ ಎಲ್ಲಾ ಹಾಗೇ ಅಂತೆ."

ಹಾಗಾದರೆ ಬೇಡ, ಮನೆಗೆ ಹೋಗು, ಸಂಜೆ ಮಾತಾಡೋಣ ಅಂದೆ.

"ಈಗ ಎಲ್ಲಾ ಹಾಗೇ" ಅನ್ನುವ ಆ ಮಾತು ಅವತ್ತಿಂದ ತಲೆಯಲ್ಲೇ ಕೂತಿದೆ. ಎಲ್ಲಾ ಹಾಗಿಲ್ಲ. ಹಾಗೆ ಆಗಬೇಕಾಗಿಯೂ ಇಲ್ಲ. ಅದಕ್ಕೇ ಈ ಉದ್ದದ ಬರಹ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಸ ತಂತ್ರಜ್ಞಾನ ಅಂದರೆ ಪ್ರಾಣ. 2020ರ ನವೆಂಬರ್‌ನಲ್ಲಿ ಆಪಲ್ ಎಂ1 ಚಿಪ್ ತಂದಾಗ, ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಬಿಸಿಯೂ ಆಗದೆ, ಸದ್ದೂ ಮಾಡದೆ, ವಿಡಿಯೊ ಎಡಿಟಿಂಗ್ ಮಾಡುವುದನ್ನು ಗೆಳೆಯನ ಮನೆಯಲ್ಲಿ ನೋಡಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಲ್ಯಾಪ್‌ಟಾಪ್ ಅಂದರೆ ತೊಡೆ ಸುಡುವ, ಚಾರ್ಜರ್ ಜೊತೆಗೇ ಓಡಾಡುವ ಸಾಮಾನು ಅಂತ ಒಪ್ಪಿಕೊಂಡಿದ್ದೆವಲ್ಲ. 2024ರ ಜೂನ್‌ನಲ್ಲಿ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದವು, ಆಮೇಲೆ ಇಂಟೆಲ್ ಮತ್ತು ಎಎಂಡಿ ಕೂಡ ಬ್ಯಾಟರಿ ವಿಷಯದಲ್ಲಿ ಎಚ್ಚೆತ್ತುಕೊಂಡವು. ಕಂಪ್ಯೂಟರ್ ಪ್ರಪಂಚದಲ್ಲಿ ಇಷ್ಟು ಒಳ್ಳೆಯ ಐದಾರು ವರ್ಷ ನಾನು ಕಂಡಿಲ್ಲ.

ಆದರೆ ಇದೇ ವರ್ಷಗಳಲ್ಲಿ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆದುಹೋಯಿತು. ಮೊದಲು ಬ್ಯಾಟರಿಯನ್ನು ಒಳಗೆ ಹಾಕಿ ಅಂಟಿಸಿದರು. ಆಮೇಲೆ ರ‍್ಯಾಮ್ ಅನ್ನು ಬೋರ್ಡಿಗೆ ಸೋಲ್ಡರ್ ಮಾಡಿದರು, ಅಂದರೆ ಬಿಚ್ಚಲಾಗದಂತೆ ಬೆಸೆದರು. ಕೆಲವರು ಸ್ಟೋರೇಜನ್ನೂ ಸೋಲ್ಡರ್ ಮಾಡಿದರು. ಕೊಳ್ಳುವ ದಿನ ಎಷ್ಟಿತ್ತೋ ಸಾಯುವ ದಿನಕ್ಕೂ ಅಷ್ಟೇ. ನಡುವೆ ಒಂದು ಚಿಪ್ ಕೈಕೊಟ್ಟರೆ ಇಡೀ ಬೋರ್ಡೇ ಹೋದಂತೆ.

ಇದು ನನಗೇ ಆಗಿದೆ. 2021ರಲ್ಲಿ ಒಂದು ತೆಳ್ಳಗಿನ ಲ್ಯಾಪ್‌ಟಾಪ್ ಆಸೆಪಟ್ಟು ತಗೊಂಡೆ. ಕಂಪನಿ ಹೆಸರು ಬೇಡ. ಮೂರನೇ ವರ್ಷ ಇದ್ದಕ್ಕಿದ್ದಂತೆ ಆನ್ ಆಗುವುದು ನಿಂತಿತು. ಸರ್ವೀಸ್ ಸೆಂಟರ್‌ನಲ್ಲಿ ಎರಡು ದಿನ ಇಟ್ಟುಕೊಂಡು, ಮೆಮೊರಿ ಹೋಗಿದೆ, ಮದರ್‌ಬೋರ್ಡ್ ಬದಲಾಯಿಸಬೇಕು ಅಂದರು. ಅವರು ಹೇಳಿದ ರೇಟು ನಾನು ಇಡೀ ಲ್ಯಾಪ್‌ಟಾಪಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ. ಎಸ್.ಪಿ. ರೋಡಿಗೆ ತಗೊಂಡು ಹೋದೆ. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ, ಕಂಪ್ಯೂಟರಿನ ಯಾವ ಭಾಗ ಬೇಕಾದರೂ ಅಲ್ಲಿನ ಗಲ್ಲಿಗಳಲ್ಲಿ ಸಿಗುತ್ತದೆ. ಚಿಪ್ ಲೆವೆಲ್ ರಿಪೇರಿ ಮಾಡುವ ಹುಡುಗನೊಬ್ಬ ಮೈಕ್ರೋಸ್ಕೋಪ್ ಕೆಳಗೆ ಬೋರ್ಡ್ ಇಟ್ಟು ನೋಡಿ, "ಚಿಪ್ ಬದಲಾಯಿಸ್ತೀನಿ ಸರ್, ಆದ್ರೆ ಗ್ಯಾರಂಟಿ ಕೇಳ್ಬೇಡಿ" ಅಂದ. ಬಿಸಿಗಾಳಿ ಊದಿ ಹಳೆಯ ಚಿಪ್ ಎಬ್ಬಿಸಿ, ಹೊಸದನ್ನು ಕೂರಿಸಿದ ಅವನ ಕೈಚಳಕ ನೋಡುವ ಹಾಗಿತ್ತು. ನಾಲ್ಕು ತಿಂಗಳು ಓಡಿತು. ಆಮೇಲೆ ಮತ್ತೆ ಮಲಗಿತು. ಅದು ಅವನ ತಪ್ಪಲ್ಲ. ಸ್ಲಾಟ್‌ನಲ್ಲಿ ಕೂರುವ ಮೆಮೊರಿ ಸ್ಟಿಕ್ ಆಗಿದ್ದರೆ ಮನೆಯಲ್ಲೇ ಹತ್ತು ನಿಮಿಷದ ಕೆಲಸ ಅದು.

ಹಾಗಂತ ಸೋಲ್ಡರ್ ಮಾಡುವುದರ ಹಿಂದೆ ಬರೀ ದುರಾಸೆ ಇದೆ ಅಂತ ನಾನು ಹೇಳುವುದಿಲ್ಲ. ಅಲ್ಲಿ ನಿಜವಾದ ಇಂಜಿನಿಯರಿಂಗ್ ಕಾರಣವೂ ಇದೆ. ಮಾಮೂಲಿ ಸ್ಟಿಕ್ ಹಾಕುವ ಸ್ಲಾಟ್ ಇದ್ದರೆ ಸಿಗ್ನಲ್ ಉದ್ದದ ದಾರಿ ಹಿಡಿದು, ಕನೆಕ್ಟರ್ ದಾಟಿ ಹೋಗಬೇಕು. ಸ್ಪೀಡ್ ಜಾಸ್ತಿ ಆದಷ್ಟೂ ಆ ದಾರಿಯಲ್ಲಿ ಸಿಗ್ನಲ್ ಕೆಡುತ್ತದೆ. ಫೋನಿನಲ್ಲಿ ಬಳಸುವಂಥ ಕಡಿಮೆ ಕರೆಂಟಿನ ಎಲ್‌ಪಿಡಿಡಿಆರ್ ಮೆಮೊರಿ ಪ್ರೊಸೆಸರಿನ ಪಕ್ಕದಲ್ಲೇ ಇದ್ದರೆ ವೇಗವೂ ಸಿಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಆಪಲ್ ಮೆಮೊರಿಯನ್ನು ಪ್ರೊಸೆಸರಿನ ಪ್ಯಾಕೇಜಿನಲ್ಲೇ ಕೂರಿಸಿದ್ದು ಇದಕ್ಕೇ. ಇಂಟೆಲ್ ಕೂಡ 2024ರ ಲೂನಾರ್ ಲೇಕ್ ಚಿಪ್ಪುಗಳಲ್ಲಿ ಅದನ್ನೇ ಮಾಡಿತು, 16 ಇಲ್ಲವೇ 32 ಜಿಬಿ, ಬೇರೆ ಆಯ್ಕೆಯೇ ಇಲ್ಲ. ಬ್ಯಾಟರಿ ಚೆನ್ನಾಗಿ ಬಂತು, ಲಾಭ ಕಡಿಮೆಯಾಯಿತು. ಇದೊಂದೇ ಸಲ, ಮುಂದಿನವುಗಳಲ್ಲಿ ಹೀಗೆ ಮಾಡುವುದಿಲ್ಲ ಅಂತ ಆಗಿನ ಸಿಇಒ ಪ್ಯಾಟ್ ಗೆಲ್ಸಿಂಗರ್ ಅವರೇ ಹೇಳಿದರು.

ಆದರೆ ಕಾರಣ ಇದೆ ಅಂದಮಾತ್ರಕ್ಕೆ ಬೇರೆ ದಾರಿ ಇಲ್ಲ ಅಂತಲ್ಲ. ಡೆಲ್ ಕಂಪನಿಯವರು ಕ್ಯಾಮ್ ಅಂತ ಒಂದು ಹೊಸ ಬಗೆಯ ಮೆಮೊರಿ ಹಲಗೆ ಮಾಡಿ, ಅದನ್ನು ಎಲ್ಲರಿಗೂ ಸ್ಟ್ಯಾಂಡರ್ಡ್ ಆಗಲಿ ಅಂತ, ಇಂಥ ಸ್ಟ್ಯಾಂಡರ್ಡ್ ಗೊತ್ತುಮಾಡುವ ಜೆಡೆಕ್ ಸಂಸ್ಥೆಗೆ ಕೊಟ್ಟರು. 2023ರ ಡಿಸೆಂಬರ್‌ನಲ್ಲಿ ಕ್ಯಾಮ್2 ಅಂತ ಅದು ಪಾಸಾಯಿತು. ಅದರ ಎಲ್‌ಪಿಕ್ಯಾಮ್2 ನಮೂನೆಯಲ್ಲಿ ಅದೇ ಕಡಿಮೆ ಕರೆಂಟಿನ ಮೆಮೊರಿ ಇರುತ್ತದೆ, ಆದರೆ ಸ್ಕ್ರೂ ಬಿಚ್ಚಿ ತೆಗೆಯಬಹುದು. 2024ರಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಪಿ1ನಲ್ಲಿ ಅದನ್ನು ಹಾಕಿ ಮಾರಿದೆ ಕೂಡ. ತೆಳ್ಳಗೂ ಇರಬೇಕು, ವೇಗವೂ ಬೇಕು, ಬಿಚ್ಚಲೂ ಬರಬೇಕು ಅಂದರೆ ಉತ್ತರ ಇಲ್ಲಿದೆ. ಇದನ್ನು ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ಇಳಿಸಲು ಯಾಕೆ ಇಷ್ಟು ನಿಧಾನ ಅನ್ನುವುದೇ ನನ್ನ ಬೇಸರ. ಅದೇ ಲೆನೊವೊದ ಥಿಂಕ್‌ಪ್ಯಾಡ್ ಟಿ14, ಹಿಂದೆ ಒಂದು ಭಾಗ ರ‍್ಯಾಮ್ ಸೋಲ್ಡರ್ ಮಾಡಿ ಕೊಡುತ್ತಿತ್ತು. ಐದನೇ ಪೀಳಿಗೆಯ ಇಂಟೆಲ್ ಮಾಡೆಲ್‌ನಲ್ಲಿ ಎರಡು ಸ್ಲಾಟ್ ವಾಪಸ್ ಬಂತು. ರಿಪೇರಿ ಸುಲಭವೇ ಅಂತ ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್‌ನವರು ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟರು. ಮನಸ್ಸು ಮಾಡಿದರೆ ದೊಡ್ಡ ಕಂಪನಿಗೂ ಆಗುತ್ತದೆ.

ಫ್ರೇಮ್‌ವರ್ಕ್ ಕಂಪನಿಯ ಹೆಸರು ಹೇಳದೆ ಇದನ್ನು ಬರೆದರೆ ತಪ್ಪಾಗುತ್ತದೆ. 2021ರಿಂದ ಅವರು ಮಾರುತ್ತಿರುವ ಲ್ಯಾಪ್‌ಟಾಪಿನಲ್ಲಿ ಪರದೆ, ಕೀಬೋರ್ಡ್, ಬ್ಯಾಟರಿ, ಕೊನೆಗೆ ಮದರ್‌ಬೋರ್ಡ್ ಕೂಡ ನಾವೇ ಬದಲಾಯಿಸಬಹುದು. ಇಂಥ ಕಂಪನಿಯೇ 2025ರಲ್ಲಿ ಡೆಸ್ಕ್‌ಟಾಪ್ ತಂದಾಗ ಅದರ ರ‍್ಯಾಮ್ ಸೋಲ್ಡರ್ ಆಗಿತ್ತು! ಎಎಂಡಿಯ ಆ ರೈಜೆನ್ ಎಐ ಮ್ಯಾಕ್ಸ್ ಚಿಪ್ಪಿಗೆ ಬೇಕಾದ ಅಗಲದ ಮೆಮೊರಿ ದಾರಿಯನ್ನು ಬಿಚ್ಚುವ ಹಲಗೆಯಲ್ಲಿ ಕೊಡಲು ಎಎಂಡಿ ಜೊತೆ ಕೂತು ನೋಡಿದೆವು, ಆಗಲಿಲ್ಲ ಅಂತ ಹೇಳಿ, ಯಾಕೆ ಅಂತಲೂ ವಿವರಿಸಿದರು. ನಾನು ಅದನ್ನು ಒಪ್ಪುತ್ತೇನೆ. ಅಂಥ ದೈತ್ಯ ಚಿಪ್ಪಿಗೆ ಆ ಕಾರಣ ಸರಿ. ಆದರೆ ವರ್ಡ್, ಬ್ರೌಸರ್, ಸಿ ಪ್ರೋಗ್ರಾಮಿಂಗ್ ಅಂತ ಓದುವ ಹುಡುಗಿಗೆ ಎಂಟು ಜಿಬಿ ಸೋಲ್ಡರ್ ಮಾಡಿ ಕೊಟ್ಟು ಅದೇ ಕಾರಣ ಹೇಳಿದರೆ ಹೇಗೆ ಒಪ್ಪುವುದು?

ಈಗ ಆ ಎಐ ಸ್ಟಿಕ್ಕರ್ ವಿಷಯ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಕೋಪೈಲಟ್ ಪ್ಲಸ್ ಪಿಸಿ ಅಂತ ಎಐ ಕಂಪ್ಯೂಟರುಗಳ ವರ್ಗವೊಂದನ್ನು ಶುರು ಮಾಡಿದಾಗಲೇ ಕನಿಷ್ಠ 16 ಜಿಬಿ ರ‍್ಯಾಮ್, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು, ಅಂದರೆ ಎಐ ಕೆಲಸಕ್ಕೇ ಮೀಸಲಾದ ಚಿಪ್ಪಿನ ಭಾಗ, ಇರಬೇಕು ಅಂತ ಹೇಳಿತ್ತು. ಆಪಲ್ ಕೂಡ ಅದೇ ವರ್ಷ ಅಕ್ಟೋಬರ್‌ನಲ್ಲಿ ತನ್ನ ಮ್ಯಾಕ್‌ಗಳ ಕನಿಷ್ಠ ಮೆಮೊರಿಯನ್ನು 8ರಿಂದ 16ಕ್ಕೆ ಏರಿಸಿತು. ಅಂದರೆ ಎಐ ಬೇಕು ಅನ್ನುವವರೇ ಎಂಟು ಸಾಲದು ಅಂತ ಒಪ್ಪಿಕೊಂಡಿದ್ದಾರೆ. ಹಾಗಿದ್ದಮೇಲೆ ಎಂಟು ಜಿಬಿ ಲ್ಯಾಪ್‌ಟಾಪಿಗೆ ಎಐ ಅಂತ ಸ್ಟಿಕ್ಕರ್ ಅಂಟಿಸಿ ಮಾರುವುದು ಮೋಸ ಅಂತಲೇ ನಾನು ಹೇಳುತ್ತೇನೆ.

ಲೆಕ್ಕ ಸುಲಭ. ಲ್ಯಾಪ್‌ಟಾಪಿನಲ್ಲೇ ಓಡಿಸುವ 800 ಕೋಟಿ ಪ್ಯಾರಾಮೀಟರ್‌ನ, ಅಂದರೆ ಕಲಿತದ್ದನ್ನು ಅಷ್ಟು ಸಂಖ್ಯೆಗಳಲ್ಲಿ ಇಟ್ಟುಕೊಂಡ, ಒಂದು ಸಾಧಾರಣ ಭಾಷಾ ಮಾಡೆಲ್‌ನ ಒಂದೊಂದು ಸಂಖ್ಯೆಯನ್ನೂ ನಾಲ್ಕು ಬಿಟ್‌ಗೆ, ಅಂದರೆ ಅರ್ಧ ಬೈಟ್‌ಗೆ, ಕುಗ್ಗಿಸಿದರೂ ಅದಕ್ಕೇ ಸುಮಾರು 4 ಜಿಬಿ ಬೇಕು. ಅದರ ಮೇಲೆ ನಮ್ಮ ಪ್ರಶ್ನೆ, ಅದರ ಉತ್ತರ ನೆನಪಿಟ್ಟುಕೊಳ್ಳಲು ಇನ್ನಷ್ಟು ಜಾಗ. ಉಳಿದದ್ದರಲ್ಲಿ ವಿಂಡೋಸು, ಬ್ರೌಸರು. ಎಂಟು ಜಿಬಿಯಲ್ಲಿ ಉಸಿರಾಡಲೂ ಜಾಗ ಇರುವುದಿಲ್ಲ.

ಕನ್ನಡಕ್ಕೆ ಬಂದರೆ ಇನ್ನೂ ಕಷ್ಟ. ಇದು ನನ್ನ ಮಿಷಿನ್ನಿನಲ್ಲೇ ಮಾಡಿ ನೋಡಿದ್ದು. ಒಂದೇ ಪ್ಯಾರಾವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಓಡುವ ಮಾಡೆಲ್, ಕನ್ನಡದಲ್ಲಿ ಕೊಟ್ಟರೆ ತೆವಳುತ್ತದೆ. ಯಾಕೆಂದರೆ ಈ ಮಾಡೆಲ್‌ಗಳು ಪಠ್ಯವನ್ನು ತುಂಡು ತುಂಡು ಮಾಡಿ ಓದುತ್ತವೆ. ಇಂಗ್ಲಿಷ್ ಪದಗಳು ಹೆಚ್ಚಾಗಿ ಒಂದೇ ತುಂಡಿನಲ್ಲಿ ಹೋಗುತ್ತವೆ, ಕನ್ನಡ ಪದ ಚೂರುಚೂರಾಗುತ್ತದೆ. "ಸ್ತ್ರೀ" ಅನ್ನುವುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಆರು ಯೂನಿಕೋಡ್ ಗುರುತು, 18 ಬೈಟ್. ತುಂಡು ಜಾಸ್ತಿ ಆದಷ್ಟೂ ಸಮಯ ಜಾಸ್ತಿ, ಮೆಮೊರಿಯೂ ಜಾಸ್ತಿ. ಬೆಂಗಳೂರಿನ ಸರ್ವಂ ಕಂಪನಿ 2024ರಲ್ಲಿ ಭಾರತೀಯ ಭಾಷೆಗಳಿಗೆ ಅಂತಲೇ ಸಣ್ಣ ಮಾಡೆಲ್ ಬಿಟ್ಟಾಗ ಈ ತುಂಡು ಮಾಡುವ ಕ್ರಮವನ್ನೇ ಸುಧಾರಿಸಿತು, ಕನ್ನಡವೂ ಅದರಲ್ಲಿದೆ. ಐಐಟಿ ಮದ್ರಾಸಿನ ಎಐಫಾರ್‌ಭಾರತ್ ತಂಡ ಅನುವಾದಕ್ಕೆ, ಧ್ವನಿಗೆ ಮಾಡೆಲ್‌ಗಳನ್ನು ಮಾಡಿ ಎಲ್ಲರಿಗೂ ಬಿಟ್ಟಿದೆ. ನನಗೆ ನಿಜವಾಗಿ ರೋಮಾಂಚನ ಆಗುವುದು ಇದಕ್ಕೆ. ಇಂಟರ್‌ನೆಟ್ ಇಲ್ಲದೆ, ಯಾರ ಸರ್ವರಿಗೂ ಏನನ್ನೂ ಕಳಿಸದೆ, ನನ್ನ ಮೇಜಿನ ಮೇಲೆ ಕನ್ನಡ ಕೇಳಿಸಿಕೊಂಡು ಬರೆಯುವ ಕಂಪ್ಯೂಟರ್. ಅದು ಇನ್ನೂ ಬೆಳೆಯುತ್ತಿದೆ. ಎರಡು ವರ್ಷ ಬಿಟ್ಟು ಬರುವ ಒಳ್ಳೆಯ ಕನ್ನಡ ಮಾಡೆಲ್‌ಗೆ ಎಷ್ಟು ಮೆಮೊರಿ ಬೇಕೋ ಯಾರು ಬಲ್ಲರು? ಅದಕ್ಕೇ ಸ್ಲಾಟ್ ಬೇಕು ಅನ್ನುವುದು.

ಸ್ಲಾಟ್ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಪ್ಪನ ಲ್ಯಾಪ್‌ಟಾಪೇ ಸಾಕ್ಷಿ. 2016ರದ್ದು, ಆರನೇ ಪೀಳಿಗೆಯ ಇಂಟೆಲ್ ಐ5 ಚಿಪ್, ಬರುವಾಗ 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ನಾಲ್ಕು ವರ್ಷಕ್ಕೇ ಆನ್ ಮಾಡಿ ಕಾಫಿ ಕುಡಿದು ಬರುವಷ್ಟು ನಿಧಾನ ಆಗಿತ್ತು. ಖಾಲಿ ಸ್ಲಾಟಿಗೆ 8 ಜಿಬಿ ಸ್ಟಿಕ್ ಹಾಕಿದೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಊಟದ ಟೇಬಲ್ ಮೇಲೆ, ಅರ್ಧ ಗಂಟೆಯಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಎಂಟನೇ ಪೀಳಿಗೆಗಿಂತ ಹಳೆಯ ಇಂಟೆಲ್ ಚಿಪ್ಪುಗಳನ್ನು ಮುಟ್ಟುವುದಿಲ್ಲ, ಒಂದೆರಡು ಬಿಟ್ಟು. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಪಡೆಯಲು ದಾರಿ ಇತ್ತು, ಆದರೆ ನಾನು ಆ ದಾರಿ ಬಿಟ್ಟು ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಅಪ್ಪ ಕನ್ನಡ ಬರೆಯುವುದು ಕಗಪ ಕೀಲಿಮಣೆಯಲ್ಲಿ. ನುಡಿ ತಂತ್ರಾಂಶದ ಕಾಲದಿಂದ ಬೆರಳಿಗೆ ಅದೇ ರೂಢಿ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಇದೆ, ಬೇರೆ ಏನೂ ಹಾಕಬೇಕಾಗಿಲ್ಲ. ಅಪ್ಪ ಎರಡು ಸಾಲು ಬರೆದು ನೋಡಿ, "ಏನೋ ಮಾಡಿದೆ, ಹೊಸದರ ಹಾಗಿದೆ" ಅಂದರು. ಹತ್ತು ವರ್ಷದ ಮಿಷಿನ್. ಇನ್ನೂ ಎರಡು ಮೂರು ವರ್ಷಕ್ಕೆ ಮೋಸವಿಲ್ಲ.

ಒಂದು ಮಾತು ಒಪ್ಪಲೇಬೇಕು. ಈಗ ಸ್ಲಾಟ್ ಇದ್ದರೂ ಸ್ಟಿಕ್ ಕೊಳ್ಳುವುದು ಸುಲಭ ಇಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, 2025ರ ಕೊನೆಯಿಂದ ರ‍್ಯಾಮ್ ರೇಟು ಏರಿದ್ದು ಇಳಿಯುತ್ತಿಲ್ಲ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು. ಅಪ್ಪನ ಲ್ಯಾಪ್‌ಟಾಪಿನಲ್ಲಿ ಇರುವುದು ಅದೇ ಕ್ರೂಷಿಯಲ್ ಸ್ಟಿಕ್. ಸುದ್ದಿ ಓದಿದ ದಿನ ನಿಜಕ್ಕೂ ಬೇಜಾರಾಯಿತು, ನಮ್ಮಂಥವರ ಕೈಗೆ ಸಿಗುತ್ತಿದ್ದ ಒಂದು ಒಳ್ಳೆಯ ಸಾಮಾನು ಹೋಯಿತಲ್ಲ ಅಂತ. ಆದರೆ ಇದರಿಂದ ನನ್ನ ವಾದ ಗಟ್ಟಿಯೇ ಆಗುತ್ತದೆ. ರೇಟು ಜಾಸ್ತಿ ಇರುವ ದಿನ ಎಲ್ಲಾ ಮೆಮೊರಿಯನ್ನೂ ಒಂದೇ ಸಲ ಕೊಳ್ಳಿ ಅನ್ನುವುದು ಸೋಲ್ಡರ್. ಈಗ ಆದಷ್ಟು ತಗೊಳ್ಳಿ, ಉಳಿದದ್ದು ಆಮೇಲೆ ಅನ್ನುವುದು ಸ್ಲಾಟ್.

ಇದನ್ನು ಬರೀ ಕೊಳ್ಳುವವರ ಜಾಣತನಕ್ಕೆ ಬಿಡಬಾರದು. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಫೋನುಗಳ ಮುಖ್ಯ ಬಿಡಿಭಾಗಗಳು, ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಅಂಕ ಕೊಡುವ ಪದ್ಧತಿ ಬಗ್ಗೆ ಸಮಿತಿಯೊಂದು 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಫ್ರಿಜ್ಜಿಗೆ ಕರೆಂಟಿನ ಸ್ಟಾರ್ ನೋಡಿ ಕೊಳ್ಳುವುದನ್ನು ನಮ್ಮ ಮನೆಗಳು ಕಲಿತಿವೆ. ಲ್ಯಾಪ್‌ಟಾಪ್ ಡಬ್ಬದ ಮೇಲೆ ಅಂಥದ್ದೇ ಅಂಕ ಇದ್ದಿದ್ದರೆ ಅಕ್ಕ ನನಗೆ ಫೋನ್ ಮಾಡಬೇಕಾಗಿರಲಿಲ್ಲ ಅಲ್ವಾ?

ಕೊನೆಗೆ ಒಂದು ವಾರ ಹುಡುಕಿ ಬೇರೆ ಲ್ಯಾಪ್‌ಟಾಪ್ ತಗೊಂಡೆವು. ಸ್ವಲ್ಪ ದಪ್ಪ. ತೂಕ 200 ಗ್ರಾಂ ಜಾಸ್ತಿ. ಸ್ಟಿಕ್ಕರ್ ಇಲ್ಲ. ಎರಡು ರ‍್ಯಾಮ್ ಸ್ಲಾಟ್, ಎರಡು ಎಸ್‌ಎಸ್‌ಡಿ ಸ್ಲಾಟ್, ಸ್ಕ್ರೂನಲ್ಲಿ ಕೂರುವ ಬ್ಯಾಟರಿ. ಭಾನುವಾರ ಅಕ್ಕನ ಮನೆಗೆ ಹೋಗಿದ್ದಾಗ, "ಮಾಮ, ನಾನೇ ಬಿಚ್ಲಾ?" ಅಂತ ಕೇಳಿದಳು ಸೊಸೆ. ಮೊದಲು ಆಫ್ ಮಾಡು, ಚಾರ್ಜರ್ ತೆಗಿ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಇಡು ಅಂತಷ್ಟೇ ಹೇಳಿ ಪಕ್ಕದಲ್ಲಿ ಕೂತೆ. ಯಾವುದು ಬ್ಯಾಟರಿ, ಯಾವುದು ವೈಫೈ ಕಾರ್ಡ್ ಅಂತ ಅವಳೇ ಗುರುತು ಹಿಡಿದಳು. 16 ಜಿಬಿಯ ಒಂದೇ ಸ್ಟಿಕ್ ಇದೆ. ಒಂದೇ ಇದ್ದರೆ ವೇಗ ಸ್ವಲ್ಪ ಕಡಿಮೆ, ಅದೂ ಅವಳಿಗೆ ಹೇಳಿದ್ದೇನೆ. ಇನ್ನೊಂದು ಸ್ಲಾಟ್ ಸದ್ಯಕ್ಕೆ ಖಾಲಿ. ರೇಟು ಇಳಿದ ಮೇಲೆ ಎಸ್.ಪಿ. ರೋಡಿಗೆ ಇಬ್ಬರೂ ಹೋಗಿ ಬರೋಣ ಅಂತ ಮಾತಾಗಿದೆ.